ಬಂದೂಕಾಗಲು ಒಲ್ಲದ ಕಬ್ಬಿಣದ ದೈತ್ಯ

ಆಗಸ್ಟ್ 6 ಬಂತೆಂದರೆ ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಕಾಗದದ ಕೊಕ್ಕರೆಗಳ ಸಂಭ್ರಮ. ಹಿರೋಶಿಮಾ ದಿನಾಚರಣೆ ಕೇರಳದ ಶಾಲಾ ಮಕ್ಕಳಿಗೆ ಹೊಸತಲ್ಲ. ಅಸೆಂಬ್ಲಿಯಲ್ಲಿ ಯುದ್ಧ ವಿರೋಧಿ ಪ್ರತಿಜ್ಞೆ, ಭಿತ್ತಿಪತ್ರ, ಮಳೆ ಬಿಟ್ಟರೆ ಒಂದು ಪುಟ್ಟ ಮೆರವಣಿಗೆ. ಎರಡು ವರ್ಷದ ಮಗುವಾಗಿದ್ದಾಗ ಬಾಂಬಿನ ವಿಕಿರಣಕ್ಕೆ ಸಿಕ್ಕಿ, 1955ರಲ್ಲಿ ಹನ್ನೆರಡನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಸಡಾಕೊ ಸಸಾಕಿಯ ಕಥೆಯನ್ನು ನಾನೇ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಆದರೆ 2025ರಲ್ಲಿ ನನ್ನ ಪಾಠ ಸೋತಿತು. ಆ ವರ್ಷದ ಮೇ 7ರಂದು ದೇಶದ ನಾನಾ ಕಡೆ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆದು ಸೈರನ್ ಮೊಳಗಿದ್ದು ನಿಮಗೆ ನೆನಪಿರಬಹುದು. ರಜೆಯಲ್ಲಿದ್ದ ಮಕ್ಕಳು ಇಡೀ ದಿನ ಟಿ.ವಿ. ಮುಂದೆ ಕುಳಿತು ಯುದ್ಧವನ್ನು ಕ್ರಿಕೆಟ್ಟಿನಂತೆ ನೋಡಿದ್ದರು. ಜೂನ್‌ನಲ್ಲಿ ಶಾಲೆ ತೆರೆದಾಗ ಆರನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ್, ಅವರ ಮೇಲೆ ಒಂದು ದೊಡ್ಡ ಬಾಂಬ್ ಹಾಕಿದ್ರೆ ಎಲ್ಲ ಮುಗೀತದಲ್ಲ?”

ಸಡಾಕೊಳ ಕಥೆ ಹೇಳಿದೆ. ಅವನು ಕೇಳಿಸಿಕೊಂಡ. “ಅದು ಜಪಾನಿನಲ್ಲಿ ಅಲ್ವಾ ಸರ್?” ಎಂದು ಕುಳಿತುಬಿಟ್ಟ. ಉಪದೇಶ ಮಕ್ಕಳ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡುತ್ತದೆ ಎಂಬುದು ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೂ ನಾನು ಪದೇಪದೇ ಕಲಿಯುವ ಪಾಠ!

ಆಗ ನೆನಪಾದದ್ದು ‘ದಿ ಐರನ್ ಜೈಂಟ್’ ಎಂಬ ಹಳೆಯ ಕಾರ್ಟೂನ್ ಚಿತ್ರ. ಅಕ್ಕನ ಮಗ ಎಂದೋ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟದ್ದನ್ನು ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ನೋಡಿದ್ದೆವು. ಆ ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದದ್ದು 1999ರ ಆಗಸ್ಟ್ 6ರಂದು. ಹೌದು, ಹಿರೋಶಿಮಾ ದಿನದಂದೇ! ಉದ್ದೇಶಪೂರ್ವಕವೋ ಕಾಕತಾಳೀಯವೋ ಏನೇ ಇರಲಿ, ಚರಿತ್ರೆ ಪಾಠ ಮಾಡುವವನಿಗೆ ಇಷ್ಟು ಸಾಕು.

ಮೊದಲು ಈ ಕಥೆ ಹುಟ್ಟಿದ ಬಗೆಯನ್ನು ನೋಡೋಣ. ಇಂಗ್ಲೆಂಡಿನ ಕವಿ ಟೆಡ್ ಹ್ಯೂಸ್ 1968ರಲ್ಲಿ ‘ದಿ ಐರನ್ ಮ್ಯಾನ್’ ಎಂಬ ಮಕ್ಕಳ ಪುಸ್ತಕ ಪ್ರಕಟಿಸಿದರು. ಅವರ ಪತ್ನಿ, ಕವಯಿತ್ರಿ ಸಿಲ್ವಿಯಾ ಪ್ಲಾತ್ 1963ರಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದರು. ತಾಯಿಯಿಲ್ಲದ ಎರಡು ಮಕ್ಕಳಿಗೆ ತಂದೆ ಹೇಳಿದ ಕಥೆಯಿದು. ಐದು ರಾತ್ರಿಗಳಲ್ಲಿ ಹೇಳಿ ಮುಗಿಸುವಂತೆ ಐದು ಅಧ್ಯಾಯಗಳು. ಎಲ್ಲಿಂದಲೋ ಬಂದ ಕಬ್ಬಿಣದ ಮನುಷ್ಯ ರೈತರ ಟ್ರ್ಯಾಕ್ಟರುಗಳನ್ನು ತಿಂದುಹಾಕುತ್ತಾನೆ. ಹೋಗಾರ್ತ್ ಎಂಬ ಹುಡುಗ ಅವನೊಂದಿಗೆ ಸ್ನೇಹ ಬೆಳೆಸುತ್ತಾನೆ. ‘ಐರನ್ ಮ್ಯಾನ್’ ಎಂಬ ಕಾಮಿಕ್ಸ್ ನಾಯಕ ಅಮೆರಿಕದಲ್ಲಿ ಅದಾಗಲೇ ಇದ್ದುದರಿಂದ ಅಲ್ಲಿ ಪುಸ್ತಕದ ಹೆಸರು ‘ದಿ ಐರನ್ ಜೈಂಟ್’ ಎಂದಾಯಿತು.

ಇದನ್ನು ಚಿತ್ರವಾಗಿಸಿದವರು ಬ್ರ್ಯಾಡ್ ಬರ್ಡ್. ಅವರ ಬದುಕಿನಲ್ಲೂ ಒಂದು ಗಾಯವಿತ್ತು. ಅವರ ಅಕ್ಕ ಸೂಸನ್ 1989ರಲ್ಲಿ ಗಂಡನ ಗುಂಡಿಗೆ ಬಲಿಯಾಗಿದ್ದರು. ಒಂದು ಬಂದೂಕಿಗೆ ಆತ್ಮವಿದ್ದು, ತಾನು ಬಂದೂಕಾಗುವುದೇ ಬೇಡ ಎಂದು ಅದಕ್ಕನಿಸಿದರೆ ಏನಾದೀತು? ಈ ಪ್ರಶ್ನೆಯನ್ನೇ ಬೀಜವಾಗಿಟ್ಟುಕೊಂಡು ಬರ್ಡ್ ಕಥೆಯನ್ನು ಹೊಸದಾಗಿ ಕಟ್ಟಿದರು. ಹ್ಯೂಸ್ 1998ರ ಅಕ್ಟೋಬರದಲ್ಲಿ ತೀರಿಕೊಂಡರು. ಚಿತ್ರ ಅವರಿಗೂ ಸೂಸನ್ನರಿಗೂ ಅರ್ಪಣೆಯಾಗಿದೆ. ಹೀಗೆ ಈ ಮಕ್ಕಳ ಚಿತ್ರದ ಹಿಂದೆ ಎರಡು ಮನೆಗಳ ದುಃಖವಿದೆ. ಆದರೆ ತೆರೆಯ ಮೇಲೆ ಎಲ್ಲಿಯೂ ಗೋಳಾಟವಿಲ್ಲ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುವ ದೃಶ್ಯಗಳೇ ಹೆಚ್ಚು.

ಬರ್ಡ್ ಮಾಡಿದ ದೊಡ್ಡ ಬದಲಾವಣೆಯೆಂದರೆ ಕಥೆಯನ್ನು ಅಮೆರಿಕದ ಮೇನ್ ರಾಜ್ಯದ ರಾಕ್‌ವೆಲ್ ಎಂಬ ಕಾಲ್ಪನಿಕ ಊರಿಗೆ, 1957ರ ಅಕ್ಟೋಬರಕ್ಕೆ ತಂದು ನಿಲ್ಲಿಸಿದ್ದು. ಆ ತಿಂಗಳ 4ರಂದು ಸೋವಿಯತ್ ಒಕ್ಕೂಟ ಜಗತ್ತಿನ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್-1ನ್ನು ಹಾರಿಸಿತು. ತೂಕ 83.6 ಕಿಲೋ, ಅಡ್ಡಳತೆ 58 ಸೆಂಟಿಮೀಟರ್. ಅಡುಗೆಮನೆಯ ದೊಡ್ಡ ಚರಿಗೆಯಷ್ಟು ಗಾತ್ರ ಎನ್ನಿ! ಸುಮಾರು 96 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತಾ ‘ಬೀಪ್ ಬೀಪ್’ ಎಂದ ಆ ಲೋಹದ ಚೆಂಡು ಅಮೆರಿಕವನ್ನು ನಡುಗಿಸಿತು. ಉಪಗ್ರಹವನ್ನು ಮೇಲೆ ಕಳಿಸಬಲ್ಲ ರಾಕೆಟ್ ಬಾಂಬನ್ನೂ ಹೊತ್ತು ತರಬಲ್ಲದಲ್ಲವೇ? ಸೋವಿಯತ್ತಿನ ಬಳಿ 1949ರಿಂದಲೇ ಅಣುಬಾಂಬ್ ಇತ್ತು.

ಈ ಭಯ ಶಾಲೆಯೊಳಗೂ ಹೊಕ್ಕಿತ್ತು. 1950ರ ದಶಕದಲ್ಲಿ ಅಮೆರಿಕದ ಶಾಲೆಗಳಲ್ಲಿ ‘ಡಕ್ ಆ್ಯಂಡ್ ಕವರ್’ ಎಂಬ ಸರಕಾರಿ ಚಿತ್ರ ತೋರಿಸುತ್ತಿದ್ದರು. ಬರ್ಟ್ ಎಂಬ ಆಮೆ ಅಪಾಯ ಬಂದಾಗ ಚಿಪ್ಪಿನೊಳಗೆ ಹೊಕ್ಕು ಕೂರುತ್ತದೆ. ಮಕ್ಕಳೂ ಹಾಗೆಯೇ ಬಾಂಬ್ ಬಿದ್ದರೆ ಡೆಸ್ಕಿನಡಿ ಕುಕ್ಕರಿಸಿ ತಲೆ ಮುಚ್ಚಿಕೊಳ್ಳಬೇಕು! ದೂರದಲ್ಲಿ ಬಾಂಬ್ ಬಿದ್ದಾಗ ಒಡೆದ ಗಾಜಿನಿಂದ ಅದು ಕಾಪಾಡೀತೇನೋ. ಹಿರೋಶಿಮಾದಲ್ಲಿ 1945ರ ಕೊನೆಯೊಳಗೆ ಸುಮಾರು 1 ಲಕ್ಷ 40 ಸಾವಿರ ಜನರನ್ನು ಕೊಂದ ಬಾಂಬಿನ ಬುಡದಲ್ಲಿ ಡೆಸ್ಕು ಏನು ಮಾಡೀತು? ಬರ್ಡ್ ಇಂಥದೇ ಒಂದು ಪಾಠಚಿತ್ರವನ್ನು ತಮ್ಮ ಕಥೆಯ ತರಗತಿಯೊಳಗೆ ಅಣಕವಾಗಿ ಇಟ್ಟಿದ್ದಾರೆ. ನಮ್ಮ ಮಕ್ಕಳು ಅದನ್ನು ನೋಡಿ ನಕ್ಕರು. ನನಗೆ ಮೇ 7ರ ಸೈರನ್ ನೆನಪಾಯಿತು.

ಇಂಥ ಭಯದ ಊರಿಗೆ ಆಕಾಶದಿಂದ ಕಂಗಿನ ಮರದೆತ್ತರದ ಲೋಹದ ದೈತ್ಯ ಬಂದು ಬೀಳುತ್ತಾನೆ. ಹೋಟೆಲಿನಲ್ಲಿ ದುಡಿದು ಸಂಸಾರ ನಡೆಸುವ ತಾಯಿಯ ಒಬ್ಬನೇ ಮಗ, ಒಂಬತ್ತು ವರ್ಷದ ಹೋಗಾರ್ತ್, ವಿದ್ಯುತ್ ತಂತಿಗೆ ಸಿಕ್ಕಿ ಒದ್ದಾಡುವ ದೈತ್ಯನನ್ನು ಸ್ವಿಚ್ ಆರಿಸಿ ಉಳಿಸುತ್ತಾನೆ. ಬಿದ್ದ ಪೆಟ್ಟಿಗೆ ದೈತ್ಯನಿಗೆ ತಾನು ಯಾರೆಂಬುದೇ ಮರೆತುಹೋಗಿದೆ. ಹುಡುಗ ಅವನಿಗೆ ಕಲ್ಲು, ಮರ ಎಂದು ಒಂದೊಂದೇ ಶಬ್ದ ಕಲಿಸುತ್ತಾನೆ.

ಇಲ್ಲಿ ನನ್ನ ದೊಡ್ಡ ಚಿಂತೆ ಪರಿಹಾರವಾಯಿತು. ನಾನು ತೋರಿಸಿದ ಪ್ರತಿ ಇಂಗ್ಲಿಷಿನದು. ನಮ್ಮ ಮಕ್ಕಳದ್ದೋ ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಹವ್ಯಕ, ಶಾಲೆಯಲ್ಲಿ ಕನ್ನಡ. ಇಂಗ್ಲಿಷೆಂದರೆ ಇನ್ನೂ ಅಂಜಿಕೆ. ಆದರೆ ದೈತ್ಯನಿಗೇ ಇಂಗ್ಲಿಷ್ ಬಾರದಲ್ಲ! ಅವನು ತಡವರಿಸುತ್ತಾ ‘ರಾಕ್’, ‘ಟ್ರೀ’ ಎನ್ನುವಾಗ ನಮ್ಮ ಮಕ್ಕಳೂ ಜೊತೆಗೆ ಹೇಳಿದರು. ಉಳಿದದ್ದನ್ನು ನಾನು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ಒಂದೂವರೆ ಗಂಟೆಯೊಳಗಿನ ಚಿತ್ರಕ್ಕೆ ಹಿರೋಶಿಮಾ ದಿನದ ವಾರದಲ್ಲಿ ಎರಡು ಮಧ್ಯಾಹ್ನ ಬೇಕಾಯಿತು.

ಕಾಡಿನಲ್ಲಿ ಬೇಟೆಗಾರರು ಜಿಂಕೆಯೊಂದನ್ನು ಹೊಡೆಯುವ ದೃಶ್ಯದಲ್ಲಿ ಇಡೀ ತರಗತಿ ಮೌನವಾಯಿತು. ಸತ್ತ ಜಿಂಕೆಯನ್ನು ದೈತ್ಯ ಬೆರಳಿನಿಂದ ಮೆಲ್ಲಗೆ ಅಲುಗಿಸುತ್ತಾನೆ. ಸಾವೆಂದರೇನೆಂದು ಅವನಿಗೆ ತಿಳಿಯುವುದು ಅಲ್ಲಿ. ಮುಂದೆ, ಆಟದ ಬಂದೂಕನ್ನು ಕಂಡಾಗ ಅವನ ಕಣ್ಣು ಕೆಂಪಾಗಿ ತಾನೇ ತಾನಾಗಿ ಕಿರಣ ಚಿಮ್ಮುತ್ತದೆ. ಅವನು ಯುದ್ಧಕ್ಕೆಂದೇ ತಯಾರಾದ ಯಂತ್ರ! ಆದರೆ ನೀನು ಏನಾಗಬೇಕೆಂದು ಆರಿಸಿಕೊಳ್ಳುವವನು ನೀನೇ ಎಂಬುದು ಹುಡುಗ ಅವನಿಗೆ ಕಲಿಸುವ ಪಾಠ.

ಚರಿತ್ರೆಯ ಅಧ್ಯಾಪಕನಾಗಿ ಒಂದು ತಪ್ಪನ್ನೂ ಹೇಳಬೇಕು. ಚಿತ್ರದಲ್ಲಿ ‘ನಾಟಿಲಸ್’ ಎಂಬ ಜಲಾಂತರ್ಗಾಮಿಯಿಂದ ಅಣು ಕ್ಷಿಪಣಿ ಹಾರುತ್ತದೆ. ನಾಟಿಲಸ್ ನಿಜವಾದದ್ದೇ, ಅಣುಶಕ್ತಿಯಿಂದ ಓಡಿದ ಮೊದಲ ಜಲಾಂತರ್ಗಾಮಿ. ಆದರೆ ಅದರಲ್ಲಿ ಅಂಥ ಕ್ಷಿಪಣಿ ಇರಲಿಲ್ಲ. ನೀರಿನೊಳಗಿಂದ ಪೊಲಾರಿಸ್ ಕ್ಷಿಪಣಿ ಮೊದಲು ಹಾರಿದ್ದು 1960ರ ಜುಲೈ 20ರಂದು, ‘ಜಾರ್ಜ್ ವಾಷಿಂಗ್ಟನ್’ ಎಂಬ ಬೇರೊಂದು ಜಲಾಂತರ್ಗಾಮಿಯಿಂದ.

ಇಷ್ಟು ಒಳ್ಳೆಯ ಚಿತ್ರ ಓಡಲಿಲ್ಲ ಎಂದರೆ ನಂಬುತ್ತೀರಾ? ಹಿಂದಿನ ವರ್ಷ ‘ಕ್ವೆಸ್ಟ್ ಫಾರ್ ಕ್ಯಾಮೆಲಾಟ್’ ಎಂಬ ಕಾರ್ಟೂನ್ ಚಿತ್ರದಲ್ಲಿ ಕೈಸುಟ್ಟುಕೊಂಡಿದ್ದ ವಾರ್ನರ್ ಬ್ರದರ್ಸ್ ಇದಕ್ಕೆ ಸರಿಯಾದ ಪ್ರಚಾರ ಕೊಡಲಿಲ್ಲ. ಅದೇ ದಿನ ಬಿಡುಗಡೆಯಾದ ‘ದಿ ಸಿಕ್ಸ್ತ್ ಸೆನ್ಸ್’ ಎಲ್ಲರ ಬಾಯಲ್ಲಿತ್ತು. ಅಮೆರಿಕದಲ್ಲಿ ಗಳಿಸಿದ್ದು ಸುಮಾರು 2.3 ಕೋಟಿ ಡಾಲರ್. ಖರ್ಚು ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಆದರೆ ಕಾರ್ಟೂನ್ ಕಲಾವಿದರ ಆ್ಯನಿ ಪ್ರಶಸ್ತಿಗಳಲ್ಲಿ ಒಂಬತ್ತು ಇದರ ಪಾಲಾದವು. ಟಿ.ವಿ. ಮತ್ತು ಡಿ.ವಿ.ಡಿ.ಗಳ ಮೂಲಕ ಮನೆಮನೆ ತಲುಪಿ, 2015ರಲ್ಲಿ ಅಲ್ಲಿನ ಥಿಯೇಟರುಗಳಿಗೆ ಮರಳಿ ಬಂತು. ಬರ್ಡ್ ಮುಂದೆ ‘ದಿ ಇನ್‌ಕ್ರೆಡಿಬಲ್ಸ್’, ‘ರಾಟಟೂಯಿ’ ಚಿತ್ರಗಳಿಗೆ ಆಸ್ಕರ್ ಪಡೆದರು. ಮೊದಲ ಸಲ ಸೋತವರನ್ನು ಕೈಬಿಡಬಾರದು ಎಂಬುದಕ್ಕೂ ಇದೊಂದು ಉದಾಹರಣೆ!

1999ರ ಆ ಬೇಸಗೆಯಲ್ಲಿ ನಾನು ಟಿ.ಸಿ.ಎಚ್. ವಿದ್ಯಾರ್ಥಿ. ಹಿಂದಿನ ವರ್ಷದ ಮೇ ತಿಂಗಳಲ್ಲಿ ಭಾರತವೂ ಪಾಕಿಸ್ತಾನವೂ ಅಣುಪರೀಕ್ಷೆ ನಡೆಸಿದ್ದವು. ಆಗ ಕಾರ್ಗಿಲ್ ಯುದ್ಧ. ಪತ್ರಿಕೆಯಲ್ಲಿ ಬಂದ ಯೋಧರ ಫೋಟೋಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಅವರ ಮೇಲಿನ ಗೌರವ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಆಗ ಹಾಸ್ಟೆಲಿನಲ್ಲಿ “ಒಂದು ಬಾಂಬ್ ಹಾಕಿದರೆ ಮುಗಿಯಿತು” ಎಂದು ನಾವೂ ಮಾತಾಡಿಕೊಂಡಿದ್ದೆವು. ಆ ಹುಡುಗನ ಪ್ರಶ್ನೆ ನನ್ನದೇ ಹಳೆಯ ಪ್ರಶ್ನೆಯಾಗಿತ್ತು.

ಚಿತ್ರದ ಕೊನೆಯ ಭಾಗದಲ್ಲಿ ಮ್ಯಾನ್ಸ್‌ಲಿ ಎಂಬ ಸರಕಾರಿ ಅಧಿಕಾರಿ ಭಯದ ಹುಚ್ಚಿನಲ್ಲಿ ದೈತ್ಯನ ಮೇಲೆ ಅಣು ಕ್ಷಿಪಣಿ ಹಾರಿಸಲು ಕೂಗಿಬಿಡುತ್ತಾನೆ. ಕ್ಷಿಪಣಿ ಹಾರುತ್ತದೆ. ಸೇನಾಧಿಕಾರಿ ಅವನನ್ನು ಹಿಡಿದು ಕೇಳುತ್ತಾನೆ, ದೈತ್ಯ ಎಲ್ಲಿದ್ದಾನೆ ಎಂದು. ದೈತ್ಯ ಇರುವುದು ಅವರೆಲ್ಲ ನಿಂತಿರುವ ಅದೇ ಊರಿನಲ್ಲಿ!

ಅಲ್ಲಿ ಚಿತ್ರ ನಿಲ್ಲಿಸಿದೆ. ಆ ಹುಡುಗ ಮೊದಲು ನಕ್ಕ. ಆಮೇಲೆ ನಗು ನಿಂತಿತು. “ಹಾಗಾದ್ರೆ ಆ ಅಮ್ಮ, ಆ ಹುಡುಗ... ಅದನ್ನು ವಾಪಸ್ ಕರೀಲಿಕ್ಕೆ ಆಗುದಿಲ್ವಾ ಸರ್?” ಎಂದ.

“ಆಗುದಿಲ್ಲ ಮಗಾ” ಎಂದೆ.

ಇಡೀ ತರಗತಿ ಚಿತ್ರ ಮುಂದುವರಿಸಲು ಹಠ ಹಿಡಿಯಿತು. ಮುಂದೇನಾಯಿತೆಂದು ನಾನು ಹೇಳುವುದಿಲ್ಲ, ಮನೆಮಂದಿಯೆಲ್ಲ ಕುಳಿತು ನೀವೇ ನೋಡಿ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಸಲ್ಲುವ ಚಿತ್ರ. ಜಿಂಕೆಯ ದೃಶ್ಯಕ್ಕೆ ತೀರಾ ಚಿಕ್ಕ ಮಕ್ಕಳು ಅತ್ತರೆ ಮಡಿಲಲ್ಲಿ ಕೂರಿಸಿಕೊಳ್ಳಿ, ಅಷ್ಟೆ. ಅಧ್ಯಾಪಕ ಮಿತ್ರರು ಮುಂದಿನ ಆಗಸ್ಟ್ 6ಕ್ಕೆ ಕೊಕ್ಕರೆಗಳ ಜೊತೆಗೆ ಇದನ್ನೂ ಸೇರಿಸಿಕೊಳ್ಳಬಹುದು. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಲು ಮರೆಯಬೇಡಿ.

ಮರುದಿನ ಆ ಹುಡುಗ ಕಾಗದದ ಕೊಕ್ಕರೆಯೊಂದನ್ನು ನನ್ನ ಮೇಜಿನ ಮೇಲಿಟ್ಟ. ಅದರ ರೆಕ್ಕೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಕಬ್ಬಿಣದ ಮುಖ ಬರೆದಿದ್ದ. ಕಣ್ಣಿಗೆ ಕೆಂಪು ಬಣ್ಣ ಹಚ್ಚಿರಲಿಲ್ಲ.