ಹಿತ್ತಿಲ ಗಂಧದ ಬೊಡ್ಡೆ ಯಾರದು?

ಹಿತ್ತಿಲಲ್ಲಿ ಹಲಸಿನದೋ ಮಾವಿನದೋ ಮರ ಕಡಿಸಿದರೆ ಆಮೇಲೆ ಉಳಿಯುವ ಬೊಡ್ಡೆ ಮನೆಯವರಿಗೆ ದೊಡ್ಡ ತಲೆನೋವು. ಮರ ಉರುಳಿಸಲು ಅರ್ಧ ದಿನ ಸಾಕು. ಬೊಡ್ಡೆ ಕೀಳಲು ಹಾರೆ, ಪಿಕಾಸಿ, ಕೊಡಲಿ ಹಿಡಿದು ಇಬ್ಬರು ಆಳು ಎರಡು ದಿನ ಒದ್ದಾಡಬೇಕು. ಈಗ ಜೆಸಿಬಿ ಬಂದಿದೆ ಅನ್ನಿ. ಅದು ನುಗ್ಗಲಾಗದ ಸಂದಿಯ ಹಿತ್ತಿಲಾದರೆ ಮತ್ತೆ ಹಾರೆಯೇ ಗತಿ. ಸೋತು ಸುಣ್ಣವಾದವರು ಬೊಡ್ಡೆಯ ಮೇಲೆ ಕಸ ಪೇರಿಸಿ ಬೆಂಕಿ ಹಾಕಿ, ದಿನಗಟ್ಟಲೆ ಹೊಗೆಯಾಡಲು ಬಿಡುವುದೂ ಉಂಟು.

ಹಳೆ ಮೈಸೂರು ಸೀಮೆಯಲ್ಲಿ ಒಂದು ಮರದ ಲೆಕ್ಕ ಮಾತ್ರ ಪೂರ್ತಿ ತಿರುಗಾಮುರುಗಾ. ಶ್ರೀಗಂಧದ ಬೊಡ್ಡೆ ತಲೆನೋವಲ್ಲ, ಗಂಟು! ಗಂಧದ ವಾಸನೆ ಇರುವುದು ಹೊರಗಿನ ಬಿಳಿ ಮರದಲ್ಲಲ್ಲ, ಒಳಗಿನ ಕೆಚ್ಚಿನಲ್ಲಿ. ಆ ಕೆಚ್ಚಿನಲ್ಲೂ ಎಣ್ಣೆ ಹೆಚ್ಚು ತುಂಬಿರುವುದು ಬುಡದಲ್ಲಿ ಮತ್ತು ಬೇರಿನಲ್ಲಿ. ಹಾಗಾಗಿ ಗಂಧದ ಮರವನ್ನು ಕಡಿಯುವುದಲ್ಲ, ಕೀಳುವುದು. ಸುತ್ತ ಗುಂಡಿ ತೋಡಿ, ಹಬ್ಬಿದ ಬೇರುಗಳನ್ನು ಹಿಂಬಾಲಿಸಿ ಹೋಗಿ, ಬೊಡ್ಡೆ ಸಮೇತ ಎತ್ತಬೇಕು. ಇದು ಹೇಳಿದಷ್ಟು ಸುಲಭವಲ್ಲ. ಗಂಧ ಅರ್ಧ ಪರಾವಲಂಬಿ ಮರ. ಪಕ್ಕದ ಹೊಂಗೆಯದೋ ಸರ್ವೆಯದೋ ಬೇರಿಗೆ ತನ್ನ ಬೇರು ಅಂಟಿಸಿ ನೀರು, ಸಾರ ಹೀರುತ್ತದೆ. ಅಗೆಯುವವನಿಗೆ ಯಾವ ಬೇರು ಯಾರದು ಅಂತ ಬಿಡಿಸುವುದೇ ಒಂದು ಕೆಲಸ.

ಕಿತ್ತ ಮೇಲೆ ತೊಗಟೆ, ಬಿಳಿ ಭಾಗ ಎಲ್ಲ ಕೆತ್ತಿ ತೆಗೆದು, ಕೆಚ್ಚನ್ನು ಗಂಧದ ಕೋಠಿಗೆ ಸಾಗಿಸುತ್ತಿದ್ದರು. ಹಾಸನದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಅಲ್ಲಿಯ ಗಂಧದ ಕೋಠಿ ಆವರಣದಲ್ಲಿ ಈಗ ಹೆಣ್ಣುಮಕ್ಕಳ ಕಾಲೇಜಿದೆ, ಹೆಸರು ಮಾತ್ರ ಹಳೆಯದೇ. ಕೋಠಿಯಲ್ಲಿ ಮಾಲನ್ನು 18 ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ದಪ್ಪ, ನೇರ, ಸೀಳಿಲ್ಲದ ಕೊರಡುಗಳು 'ವಿಲಾಯತ್ ಬುದ್', ಅದರ ನಂತರದವು 'ಚೀನಾ ಬುದ್'. ಮಾಲು ಎತ್ತ ಸಾಗುತ್ತಿತ್ತು ಅನ್ನುವುದಕ್ಕೆ ಈ ಹೆಸರುಗಳೇ ಸಾಕು. ಬೇರಿಗೇ ಪ್ರತ್ಯೇಕವಾಗಿ ಒಂದನೆ, ಎರಡನೆ, ಮೂರನೆ ದರ್ಜೆ ಇತ್ತು. ಕಟ್ಟಕಡೆಗೆ ಗರಗಸದ ಹುಡಿ. ಅದೂ ಲೆಕ್ಕಕ್ಕೆ ಸೇರುತ್ತಿತ್ತು, ಗುಡಿಸಿ ಎಸೆಯುವ ಹಾಗಿರಲಿಲ್ಲ. ಸಾಗರ, ಸೊರಬದ ಗುಡಿಗಾರರ ಕೆತ್ತನೆಗೆ ಒಳ್ಳೆಯ ಕೊರಡು ಬೇಕು. ಎಣ್ಣೆ ತೆಗೆಯುವವನಿಗೆ ಸೊಟ್ಟ ಬೊಡ್ಡೆ, ಗಂಟುಗಂಟಾದ ಬೇರೇ ಇಷ್ಟ.

ಆ ಎಣ್ಣೆ ತೆಗೆಯುವವನು ಬಹುಕಾಲ ನಮ್ಮವನಾಗಿರಲಿಲ್ಲ. ಮೈಸೂರು ಸರ್ಕಾರ ಗಂಧವನ್ನು ಹರಾಜು ಹಾಕುತ್ತಿತ್ತು, ಬಹುಪಾಲು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಹಡಗು ನಿಂತಿತು. ಕೋಠಿಯಲ್ಲಿ ಮಾಲು ಬಿದ್ದಿದೆ, ಕೊಳ್ಳುವವರಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟಿನ ಪ್ರೊಫೆಸರುಗಳಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲೇ ಎಣ್ಣೆ ಇಳಿಸುವ ವಿಧಾನ ಮಾಡಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು. ಮೈಸೂರು ಸ್ಯಾಂಡಲ್ ಸೋಪು ಬಂದದ್ದು ಇದೇ ಎಣ್ಣೆಯಿಂದ. ಪರದೇಶದಲ್ಲಿ ಊರಿನ ವಾಸನೆ ಬೇಕೆಂದು ಆ ಸೋಪು ಹುಡುಕಿ ಕೊಳ್ಳುವ ನಮ್ಮಂಥವರು, ಅದರ ಹಿಂದೆ ಎಷ್ಟು ಗುಂಡಿಗಳಿವೆ ಅಂತ ಯೋಚಿಸುವುದು ಕಮ್ಮಿ.

ಇಷ್ಟು ಬೆಲೆಯ ಬೊಡ್ಡೆ ಹಿತ್ತಿಲಲ್ಲಿದ್ದರೂ ಹಿತ್ತಿಲಿನವನಿಗೆ ಅದು ಸೇರಿದ್ದಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷ ಎಂದು ಸಾರಿದ. ಅವನು ಹೋದ, ಒಡೆಯರು ಬಂದರು, ಬ್ರಿಟಿಷ್ ಕಮಿಷನರುಗಳು ಬಂದರು, ಕೊನೆಗೆ ನಮ್ಮದೇ ಸರ್ಕಾರ ಬಂತು. ಈ ಒಂದು ಹಕ್ಕನ್ನು ಮಾತ್ರ ಯಾರೂ ಕೈಬಿಡಲಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಹಾಗೇ ಉಳಿಯಿತು. ನೆಲ ನಿನ್ನದು, ಮರ ಸರ್ಕಾರದ್ದು, ಕಾಯುವ ಹೊಣೆ ನಿನ್ನದು. ಇದರ ಫಲ ಏನಾಯಿತು? ಹಕ್ಕಿ ಬೀಜ ಉದುರಿಸಿ ಬೇಲಿಯಲ್ಲಿ ಗಂಧದ ಸಸಿ ಹುಟ್ಟಿದರೆ, ರೈತ ಯಾರಿಗೂ ಹೇಳದೆ ಬೆರಳಲ್ಲೇ ಚಿವುಟಿ ಹಾಕುತ್ತಿದ್ದ. ಬೊಡ್ಡೆಯಾಗುವ ತನಕ ಬಿಟ್ಟರಲ್ಲವೇ ತಾಪತ್ರಯ! 'ಗಂಧದ ಗುಡಿ' ಎಂದು ಹಾಡಿಕೊಳ್ಳುವ ನಾಡಿನಲ್ಲಿ ಗಂಧಕ್ಕೆ ಕಳೆಯ ಗತಿ ಬಂದದ್ದರಲ್ಲಿ ಕಳ್ಳರಷ್ಟೇ ಕಾನೂನಿನ ಪಾಲೂ ಇದೆ ಎಂದು ನನಗನ್ನಿಸುತ್ತದೆ. ನಮಗೆ ವೀರಪ್ಪನ್ ಹೆಸರು ಮಾತ್ರ ನೆನಪಿದೆ. ಅವನು ಸತ್ತು (2004) ಇಷ್ಟು ವರ್ಷವಾದರೂ ಕಳವು ನಿಂತಿಲ್ಲ.

ಕಾನೂನು ಬದಲಾದದ್ದು 2001ರ ತಿದ್ದುಪಡಿಯಿಂದ. ಈಗ ಜಮೀನು ಯಾರದೋ ಗಂಧವೂ ಅವರದೇ. ಆದರೆ ಮರ ಕಡಿಯಲು, ಸಾಗಿಸಲು ಅನುಮತಿ ಬೇಕೇ ಬೇಕು. ಅಂದರೆ 200 ವರ್ಷ ದಾಟಿದ ಮೇಲೆ ಹಿತ್ತಿಲ ಬೊಡ್ಡೆ ಹಿತ್ತಿಲಿನವನ ಕೈಗೆ ಬಂತು, ಅರ್ಜಿಯೊಂದಿಗೆ.

ಇದೆಲ್ಲ ನಾನು ಕೆದಕಲು ಕಾರಣ ಉಂಟು. ಅರಸೀಕೆರೆ ಕಡೆ ನಮ್ಮ ಮನೆ ಹಿಂದಿನ ಗಂಧದ ಮರವನ್ನು ಹೋದ ವರ್ಷ ರಾತ್ರೋರಾತ್ರಿ ಗರಗಸದಲ್ಲಿ ಕೊಯ್ದು ಒಯ್ದರು. ಬೇರು ಅಗೆಯಲು ಹೊತ್ತೂ ಬೇಕು, ಸದ್ದೂ ಆಗುತ್ತದೆ. ಹಾಗಾಗಿ ಕಳ್ಳರು ಒಳ್ಳೆಯ ಭಾಗವನ್ನೇ ಬಿಟ್ಟು ಹೋಗಿದ್ದಾರೆ! ನಾನು ಮುಂಬೈಯಲ್ಲಿ ಕೂತು ಫೋನಿನಲ್ಲಿ ಉಪದೇಶ ಮಾಡುವವನು, ಪೊಲೀಸ್ ದೂರು, ಅರ್ಜಿ ಅಂತ ಅಲೆಯುವವನು ತಮ್ಮ. "ಅಣ್ಣಾ, ಜೆಸಿಬಿಯವನು ಹತ್ತು ನಿಮಿಷದ ಕೆಲಸ ಅಂತಾನೆ, ಕಾಗದ ಬರೋ ಹೊತ್ತಿಗೆ ಅವರೇ ಬಂದು ಕಿತ್ಕೊಂಡು ಹೋದ್ರೆ?" ಅಂತ ಅವನ ಚಿಂತೆ. ಇಲ್ಲಿ ಫೋರ್ಟಿನ ಅಗಿಯಾರಿ ಮುಂದೆ ಪಾರ್ಸಿಗಳು ಬೆಂಕಿಗೆ ಅರ್ಪಿಸಲು ಕೊಳ್ಳುವ ಬೆರಳುದ್ದದ ಸುಖಡ್ ಕಡ್ಡಿಯ ಬೆಲೆ ನೋಡಿದವನು ನಾನು. ಅವನ ಚಿಂತೆ ಸುಳ್ಳು ಅನ್ನಲಾರೆ. ಆದರೂ ಕಾಗದ ಬರಲಿ ಎಂದಿದ್ದೇನೆ.

ಒಂದು ಮಾತು ಮಾತ್ರ ಒತ್ತಿ ಹೇಳಿದ್ದೇನೆ. ಬೊಡ್ಡೆ ಎತ್ತಿದ ಮೇಲೆ ಗುಂಡಿಯ ಅಂಚಿನಲ್ಲಿ ತುಂಡಾದ ಬೇರುಗಳು ಉಳಿಯುತ್ತವೆ, ಅವುಗಳಿಂದ ಗಂಧ ಮತ್ತೆ ಚಿಗುರಿ ಏಳುವುದುಂಟು. ಹಾಗೆ ಎದ್ದರೆ ಚಿವುಟಬೇಡ, ಹಿಡಿದು ಬೆಳೆಯಲು ಪಕ್ಕದಲ್ಲಿ ನಾಲ್ಕು ತೊಗರಿ ಕಾಳು ಊರು ಅಂತ.