ಡಿಸ್ಕ್ ನಮ್ಮದು, ಆಟ ಯಾರದು?

ಇವತ್ತಿನ ಸಂಚಿಕೆಗೆ ಒಂದು ಸಣ್ಣ ಪ್ರಶ್ನೆ ಇಟ್ಕೊಂಡು ಬಂದಿದ್ದೀನಿ. ದುಡ್ಡು ಕೊಟ್ಟು ತಂದ ಆಟ ನಿಜಕ್ಕೂ ನಮ್ಮದಾ?

ನಾನು ಚಿಕ್ಕವನಿದ್ದಾಗ ಮನೇಲಿ ಟಿವಿಗೆ ಸಿಗಿಸುವ ವಿಡಿಯೋ ಗೇಮ್ ಇತ್ತು. ಕ್ಯಾಸೆಟ್ ಓಡದಿದ್ರೆ ಉಫ್ ಅಂತ ಊದಿ ಮತ್ತೆ ಹಾಕ್ತಿದ್ವಿ. ಕರೆಂಟ್ ಇದ್ರೆ ಸಾಕು, ಅಮ್ಮನನ್ನು ಬಿಟ್ಟು ಬೇರೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಗೇಮ್ ಕನ್ಸೋಲ್‌ಗಳಿಗೆ ಇಂಟರ್‌ನೆಟ್ ಮೊದಲು ಬಂದದ್ದು ನೆಂಟನ ಹಾಗೆ. 1998ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೆಗಾ ಡ್ರೀಮ್‌ಕಾಸ್ಟ್ ಜೊತೆಗೇ ಮೋಡೆಮ್ ಬರುತ್ತಿತ್ತು. 2002ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಲೈವ್ ಶುರುಮಾಡಿತು. ದೂರದ ಊರಿನವರ ಜೊತೆ ಕೂತಲ್ಲೇ ಆಡಬಹುದು ಅನ್ನೋದೇ ಸಂಭ್ರಮ. ಬೇಕಿದ್ರೆ ಜೋಡಿಸಿ, ಬೇಡದಿದ್ರೆ ಬಿಡಿ.

ನೆಂಟ ಮನೆಯಲ್ಲೇ ಬೇರೂರಿದ್ದು ಗೊತ್ತಾಗಿದ್ದು 2011ರ ಏಪ್ರಿಲ್‌ನಲ್ಲಿ. ಸೋನಿಯ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಹ್ಯಾಕರ್‌ಗಳು ನುಗ್ಗಿದರು. ಸುಮಾರು 7.7 ಕೋಟಿ ಖಾತೆಗಳ ಮಾಹಿತಿ ಅಪಾಯಕ್ಕೆ ಸಿಕ್ಕಿತು, ಮೂರು ವಾರಕ್ಕೂ ಹೆಚ್ಚು ಕಾಲ ಸೇವೆ ಬಂದ್.

ಎರಡು ವರ್ಷ ಕಳೆಯಿತು. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಎಕ್ಸ್‌ಬಾಕ್ಸ್ ಒನ್‌ಗೆ ಒಂದು ನಿಯಮ ಹೇಳಿತು: 24 ಗಂಟೆಗೊಮ್ಮೆ ಇಂಟರ್‌ನೆಟ್ ಮೂಲಕ ಹಾಜರಿ ಹಾಕಬೇಕು. ತಪ್ಪಿದ್ರೆ ಡಿಸ್ಕ್ ಒಳಗಿದ್ರೂ ಆಟ ಇಲ್ಲ! ಜನ ಸಿಟ್ಟಿಗೆದ್ದರು. ಜೂನ್ 10ರಂದು ಸೋನಿ, ನಮ್ಮ ಪ್ಲೇಸ್ಟೇಷನ್ 4ಕ್ಕೆ ಅಂಥ ಕಟ್ಟಳೆ ಇಲ್ಲ ಅಂದಾಗ ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಜೂನ್ 19ಕ್ಕೆ ಮೈಕ್ರೋಸಾಫ್ಟ್ ಹಿಂದೆ ಸರಿಯಿತು.

ಆಡುವವರು ಗೆದ್ದರು ಅಂತ ಆಗ ನಾನೂ ಖುಷಿಪಟ್ಟಿದ್ದೆ. ಆದರೆ ಮುಂಬಾಗಿಲಲ್ಲಿ ತಡೆದ ನಿಯಮ ಹಿತ್ತಿಲಿಂದ ಒಳಗೆ ಬಂತು. ಕನ್ಸೋಲ್ ಕೇಳದ ಹಾಜರಿಯನ್ನು ಆಟಗಳೇ ಕೇಳತೊಡಗಿದವು. ಯೂಬಿಸಾಫ್ಟ್‌ನ ಕಾರ್ ಓಟದ ಆಟ 'ದ ಕ್ರೂ' 2014ರಲ್ಲಿ ಡಿಸ್ಕ್‌ನಲ್ಲೂ ಬಂತು. ಒಬ್ಬರೇ ಆಡಿದ್ರೂ ಅದಕ್ಕೆ ಸರ್ವರ್ ಬೇಕು. 2024ರ ಮಾರ್ಚ್ 31ಕ್ಕೆ ಕಂಪನಿ ಸರ್ವರ್ ನಿಲ್ಲಿಸಿತು. ಅಲ್ಲಿಗೆ ಆ ಡಿಸ್ಕ್ ಬರೀ ಪ್ಲಾಸ್ಟಿಕ್ ಬಿಲ್ಲೆ.

ಇದರ ವಿರುದ್ಧ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದಾರೆ. ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ತಂದು, ಡಿಜಿಟಲ್ ಆಟ ಮಾರುವಾಗ ಸಿಗುವುದು ಪರವಾನಗಿ ಮಾತ್ರ ಅಂತ ಸ್ಪಷ್ಟವಾಗಿ ತಿಳಿಸಬೇಕು ಅಂದಿದೆ. ತಿಳಿಸಿದರೆ ಸಾಕಾ? ಇತಿಹಾಸ ಹೇಳುವ ನನ್ನ ಚಿಂತೆ ಬೇರೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಕ್ಯಾಸೆಟ್ ಸುಸ್ಥಿತಿಯಲ್ಲಿದ್ರೆ ಇವತ್ತಿಗೂ ಓಡುತ್ತೆ, 2014ರ ಡಿಸ್ಕ್ ಓಡಲ್ಲ. ನಾಳೆ ನಮ್ಮ ಮಕ್ಕಳು 'ನೀವು ಏನಾಡ್ತಿದ್ರಿ' ಅಂತ ಕೇಳಿದ್ರೆ, ಅಜ್ಜನ ಕಾಲದ್ದನ್ನು ತೋರಿಸಬಹುದು, ಅಪ್ಪನ ಕಾಲದ್ದನ್ನು ಬಾಯಲ್ಲೇ ಹೇಳಬೇಕು.

ಮುಂದಿನ ವಾರ ಮತ್ತೆ ಸಿಗೋಣ.