ಹಿತಕರ ಉತ್ಪರಿವರ್ತನೆಯ ಅಳಿವು ಉಳಿವು: ಒಂದು ಐತಿಹಾಸಿಕ ವಿವೇಚನೆ

ಅರ್ಹವಾದುದು ಉಳಿಯುತ್ತದೆ, ಅನರ್ಹವಾದುದು ಅಳಿಯುತ್ತದೆ ಎಂಬುದೇ ವಿಕಾಸವಾದದ ಸಾರವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಇತಿಹಾಸದ ಬರವಣಿಗೆಯಲ್ಲಿಯೂ ಈ ಭಾವನೆ ನುಸುಳಿರುವುದುಂಟು. ಆದರೆ ಆ ವಾದದ ಗಣಿತವು ಹೇಳುವುದು ಬೇರೆ. ಅದು ಬೆಳೆದುಬಂದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಈ ಗಣಿತ ಹುಟ್ಟಿದುದು ವಂಶಾವಳಿಗಳ ವಿಚಾರದಿಂದ. ಮನೆತನಗಳ ಹೆಸರುಗಳು ಅಳಿದುಹೋಗುವ ಬಗೆಯನ್ನು ಕುರಿತು ಫ್ರಾನ್ಸಿಸ್ ಗಾಲ್ಟನ್ ಅವರು 1873ರಲ್ಲಿ ಪ್ರಶ್ನೆಯೆತ್ತಿದರು, ಎಚ್. ಡಬ್ಲ್ಯು. ವಾಟ್ಸನ್ ಅವರು ಅದಕ್ಕೆ ಗಣಿತದ ರೂಪ ಕೊಟ್ಟರು. ಜೀವಿಯಲ್ಲಿ ಹೊಸದಾಗಿ ತೋರುವ ಆನುವಂಶಿಕ ಬದಲಾವಣೆಗೆ, ಎಂದರೆ ಉತ್ಪರಿವರ್ತನೆಗೆ, ಆರ್. ಎ. ಫಿಷರ್ ಅವರು 1922ರಲ್ಲಿ ಇದೇ ಮಾರ್ಗವನ್ನು ಅನ್ವಯಿಸಿದರು. 1927ರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಅವರು ಸರಳವಾದ ಸೂತ್ರವನ್ನು ತಲುಪಿದರು: ಜೀವಸಮುದಾಯ ದೊಡ್ಡದಾಗಿದ್ದು ಅನುಕೂಲ ಅಲ್ಪವಾಗಿದ್ದರೆ, ಹಿತಕರ ಉತ್ಪರಿವರ್ತನೆ ಉಳಿಯುವ ಸಂಭವವು ಆ ಅನುಕೂಲದ ಸುಮಾರು ಎರಡರಷ್ಟು ಮಾತ್ರ.

ಸಂತತಿಯನ್ನು ನೂರಕ್ಕೆ 1ರಷ್ಟು ಹೆಚ್ಚಿಸುವ ಉತ್ಪರಿವರ್ತನೆಯನ್ನು ತೆಗೆದುಕೊಳ್ಳೋಣ. ಅಂತಹ 100ರಲ್ಲಿ ಉಳಿಯುವುವು ಸುಮಾರು 2. ಉಳಿದ 98 ಅಳಿಯುತ್ತವೆ. ಕಾರಣ ಸ್ಪಷ್ಟವಾಗಿದೆ. ಆರಂಭದಲ್ಲಿ ಅದರ ಪ್ರತಿ ಒಂದೇ ಒಂದು; ಹಾಲ್ಡೇನರ ಲೆಕ್ಕದಂತೆ ಮೊದಲ ತಲೆಮಾರಿನಲ್ಲಿಯೇ 100ಕ್ಕೆ ಸುಮಾರು 36 ಸಲ ಅದು ಯಾವ ಸಂತತಿಗೂ ಇಳಿಯದೆ ಹೋಗುತ್ತದೆ. ಆದರೆ ಪ್ರತಿಗಳು 300ರಷ್ಟಾದರೆ ಅಳಿವಿನ ಭಯ ಬಹುಮಟ್ಟಿಗೆ ಇಲ್ಲವಾಗುತ್ತದೆ. ಗುಣವು ಫಲಕೊಡಬೇಕಾದರೆ ಮೊದಲು ಆಕಸ್ಮಿಕವನ್ನು ದಾಟಬೇಕು.

ಹಾಲ್ಡೇನರು 1957ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. ಭಾರತದ ಪೌರರಾಗಿ 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು. ಆ ಸಂಸ್ಥೆಯ ಬೆಂಗಳೂರು ಕೇಂದ್ರ ನಮ್ಮ ನಗರದ ಪಶ್ಚಿಮ ಭಾಗದಲ್ಲಿ, ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯ ಮೇಲಿದೆ. ಈ ಗಣಿತವನ್ನು ಕುರಿತು ಪೀಟರ್ ನೆಯ್ ಅವರೊಡನೆ 1972ರಲ್ಲಿ ಪ್ರಮಾಣಗ್ರಂಥವನ್ನು ಪ್ರಕಟಿಸಿದ ಕೃಷ್ಣ ಬಿ. ಆತ್ರೇಯ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದರು.

ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಇದರಿಂದ ಒಂದು ಎಚ್ಚರಿಕೆ ದೊರೆಯುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ದುರ್ವಿನೀತನೇ ಮೊದಲಾದ ಪೂರ್ವದ ಕನ್ನಡ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಓಲೆಗರಿಯ ಪ್ರತಿಗಳಿಗೂ ಜೀವಿಗಳಿಗೂ ಒಂದೇ ಸೂತ್ರ ಸಲ್ಲುತ್ತದೆಂದು ನಾವು ಹೇಳುವುದಿಲ್ಲ. ಆದರೆ ಅಳಿದುದೆಂಬ ಕಾರಣದಿಂದ ಒಂದನ್ನು ಕೀಳೆಂದು ತೀರ್ಮಾನಿಸಲು ವಿಕಾಸಶಾಸ್ತ್ರದ ಆಧಾರವನ್ನು ಕೇಳುವವರಿಗೆ, ಆ ಆಧಾರವು ಅಲ್ಲಿ ಇಲ್ಲವೆಂಬುದನ್ನು ತಿಳಿಸಬೇಕಾಗಿದೆ.